ಸುದ್ದಿಯೂ ಅಭಿಪ್ರಾಯವೂ

ವೃತ್ತಪತ್ರಿಕೆಯಲ್ಲಿ ಸುದ್ದಿಯಷ್ಟನ್ನೇ ಓದಿ ಮಡಿಚಿಡದೆ ಅದರ ಮೇಲಿನ ವಿಮರ್ಶೆಯನ್ನೂ ಓದಬೇಕೆಂದು ನಾವು ವಿದ್ಯಾರ್ಥಿಗಳಿಗೆ ಹೇಳುತ್ತಿರುತ್ತೇವೆ. ಹಳೆಯದನ್ನು ಕೆಡಹುವ ಮೊದಲು ತುಸು ತಡೆದು ನೋಡಿರೆನ್ನುವ ಸಂಪ್ರದಾಯಪರ ಚಿಂತಕರ ಬರಹಗಳಂತೂ ಬುದ್ಧಿಗೆ ಸಾಣೆ ಹಿಡಿಯುತ್ತವೆ.

1959ರ ಜನವರಿಯಲ್ಲಿ ನಾಗಪುರದ ಕಾಂಗ್ರೆಸ್ ಅಧಿವೇಶನವು ಸಹಕಾರಿ ಕೂಡುಬೇಸಾಯದ ಠರಾವು ಮಾಡಿತು. ರಾಜಾಜಿಯವರು ಇದನ್ನು ವಿರೋಧಿಸಿದರು. ಅದೇ ವರ್ಷ ಸ್ವತಂತ್ರ ಪಕ್ಷ ಹುಟ್ಟಿತು. 'ಸ್ವರಾಜ್ಯ' ವಾರಪತ್ರಿಕೆಯಲ್ಲಿ ಅವರು ತಮ್ಮ ವಿಚಾರಗಳನ್ನು ಬಿಡದೆ ಬರೆದರು. ತನ್ನ ಹೊಲವೆಂಬ ಅಭಿಮಾನ ಹೋದರೆ ರೈತನ ಹುರುಪೂ ಹೋಗುವುದೆಂಬುದು ಆ ಪಕ್ಷದವರ ಆಕ್ಷೇಪ. ಬದುವಿಗಾಗಿ ನಡೆಯುವ ವ್ಯಾಜ್ಯಗಳನ್ನು ಕಂಡ ಜತ್ತದ ರೈತರಿಗೆ ಈ ಮಾತು ಹೊಸದಲ್ಲ! ಆದರೆ ತುಂಡು ಹೊಲದ ಬಡವನ ಪಾಡೇನು? ಇದಕ್ಕೆ ಅವರ ಉತ್ತರ ಸಾಲದೆಂದೇ ನಮ್ಮ ಎಣಿಕೆ.

ಇಂಥ ಪರೀಕ್ಷೆ ನಮ್ಮ ಮನೆಬಾಗಿಲಿಗೂ ಬಂದಿದೆ. 2022ರ ನವೆಂಬರದಲ್ಲಿ ಕರ್ನಾಟಕದ ಮುಖ್ಯಮಂತ್ರಿಗಳು ನಮ್ಮ ತಾಲೂಕಿನ ಹಳ್ಳಿಗಳ ಮಾತೆತ್ತಿದಾಗ ಕನ್ನಡ, ಮರಾಠಿ ಪತ್ರಿಕೆಗಳೆರಡರಲ್ಲಿಯೂ ಗಡಿಯ ಚರ್ಚೆಯೇ ದೊಡ್ಡದಾಯಿತು. ಹಳ್ಳಿಗಳು ಹಿಂದೆ ಠರಾವು ಮಾಡಿದ್ದುದಾದರೋ ನೀರಿಗಾಗಿ. ಪಾಲಕರೇ, ಮಕ್ಕಳಿಂದ ಎರಡು ಭಾಷೆಗಳ ಅಗ್ರಲೇಖಗಳನ್ನೂ ಗಟ್ಟಿಯಾಗಿ ಓದಿಸಿರಿ. ಯಾವ ವಾಕ್ಯ ಸುದ್ದಿ, ಯಾವುದು ಅಭಿಪ್ರಾಯವೆಂದು ಅವರೇ ಪೆನ್ಸಿಲಿನಿಂದ ಗೆರೆಯೆಳೆಯಲಿ.