ಹಳೆ ಟ್ರ್ಯಾಕ್ಟರ್‌ಗೆ ಹಳೆ ರಂಟಿ: ಮೊದಲು ಪಿನ್ ಅಳೆಯಿರಿ

ಕುಂದಗೋಳ, ನವಲಗುಂದ, ಅಣ್ಣಿಗೇರಿ ಕಡೆಯ ಊರುಗಳಲ್ಲಿ ಕೊಟ್ಟಿಗೆಯ ಹಿಂದೆಯೋ ಬಣವೆಯ ಬದಿಗೋ ಹಳೆಯ ಕಬ್ಬಿಣದ ರಂಟಿಯೊಂದು ತುಕ್ಕು ಹಿಡಿದು ಬಿದ್ದಿರುವುದುಂಟು. ಅದೇ ಮನೆಯಲ್ಲಿ ಅಜ್ಜನ ಕಾಲದ ಮೆಸ್ಸಿಯೋ ಇಂಟರ್‌ನ್ಯಾಷನಲ್ ಬಿ-275 ಟ್ರ್ಯಾಕ್ಟರೋ ಇನ್ನೂ ಚಾಲೂ ಇದ್ದರೆ, ಎರಡನ್ನೂ ಜೋಡಿಸಿ ಹೊಲಕ್ಕಿಳಿಸಬೇಕೆನ್ನುವ ಆಸೆ ಹುಟ್ಟುತ್ತದೆ. ಇಳಿಸಬಹುದು. ಆದರೆ ಇವೆರಡಕ್ಕೂ ಹೊಂದಾಣಿಕೆ ಇದೆಯೇ ಎಂಬುದನ್ನು ರಂಟಿಯ ಗಾತ್ರ ನೋಡಿಯೋ ಬಣ್ಣ ನೋಡಿಯೋ ತೀರ್ಮಾನಿಸಬೇಡಿ. ಅದರ ಕೊಂಡಿ ನೋಡಿ.

ಯಾವುದು ಎತ್ತಿನದು?

ಮುಂದೆ ಒಂದೇ ಉದ್ದನೆಯ ಈಸು, ಅದರ ತುದಿಗೆ ಕೊಕ್ಕೆ, ಹಿಂದೆ ಕೈಹಿಡಿ ಇದ್ದರೆ ಅದು ಎತ್ತಿನ ರಂಟಿ. ನಮ್ಮ ಭಾಗದಲ್ಲಿ ಇದರ ಹೆಸರು ಹೇಳಿದರೆ ಕಿರ್ಲೋಸ್ಕರ್ ನೆನಪಾಗುತ್ತದೆ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಕಬ್ಬಿಣದ ನೇಗಿಲನ್ನು ಮಾರುಕಟ್ಟೆಗೆ ತಂದದ್ದು 1903ರಲ್ಲಿ. 1910ರಲ್ಲಿ ಕಾರ್ಖಾನೆ ಕಿರ್ಲೋಸ್ಕರವಾಡಿಗೆ ಹೋಯಿತು. ಕಬ್ಬಿಣ ತಾಗಿದರೆ ಭೂಮಿಗೆ ವಿಷ ಏರುತ್ತದೆಂದು ರೈತರು ಮೊದಮೊದಲು ಅದನ್ನು ಮುಟ್ಟಲಿಲ್ಲ. ಆಮೇಲೆ ಎರೆ ಹೊಲದ ಕರಿಕೆ ಕೀಳಲು ಅದೇ ಬೇಕಾಯಿತು. ಭಾರದ ರಂಟಿಗಳಿಗೆ ನಾಲ್ಕಾರು ಜೋಡಿ ಎತ್ತು ಹೂಡುತ್ತಿದ್ದರು.

ಇಂಥದ್ದನ್ನು ಸರಪಳಿ ಹಾಕಿ ಟ್ರ್ಯಾಕ್ಟರ್‌ಗೆ ಕಟ್ಟುವವರಿದ್ದಾರೆ. ದಯವಿಟ್ಟು ಬೇಡ. ಕುಳ ಕಲ್ಲಿಗೆ ಸಿಕ್ಕರೆ ಎತ್ತು ನಿಂತುಬಿಡುತ್ತದೆ, ಟ್ರ್ಯಾಕ್ಟರ್ ನಿಲ್ಲುವುದಿಲ್ಲ. ಹಳೆ ರಂಟಿಯ ಹಲವು ಭಾಗಗಳು ಬೀಡಿನವು; ಬಾಗುವುದಿಲ್ಲ, ಸಿಡಿಯುತ್ತವೆ. ಕೈಹಿಡಿ ಹಿಡಿದವನ ಗತಿ ಕೇಳುವುದೇ ಬೇಡ. ಅದಕ್ಕೆ ಬಣ್ಣ ಬಳಿದು ಅಂಗಳದಲ್ಲಿ ನಿಲ್ಲಿಸಿ, ಚೆಂದ ಕಾಣುತ್ತದೆ.

ಗಾಲಿ ಇದ್ದು, ಎತ್ತಿ ಇಳಿಸಲು ಹಗ್ಗವೋ ಸನ್ನೆಯೋ ಇದ್ದರೆ ಅದು ಎಳೆದೊಯ್ಯುವ ಟ್ರ್ಯಾಕ್ಟರ್ ರಂಟಿ. ಕೆಳಗೆ ಎರಡು ಪಿನ್, ಮೇಲೆ ಗೋಪುರದಂಥ ಚೌಕಟ್ಟಿನಲ್ಲಿ ಒಂದು ತೂತು ಇದ್ದರೆ ಅದು ಹೈಡ್ರಾಲಿಕ್‌ಗೆ ತೂಗುಹಾಕುವ ರಂಟಿ. ಈ ಮೂರು ಬಿಂದುವಿನ ಜೋಡಣೆಯನ್ನು ಬಳಕೆಗೆ ತಂದವರು ಹ್ಯಾರಿ ಫರ್ಗ್ಯೂಸನ್. ರಂಟಿಗೆ ತಡೆ ಬಂದಾಗ, ಮೇಲಿನ ತೂತಿಗೆ ಸೇರುವ ಟಾಪ್ ಲಿಂಕ್ ಟ್ರ್ಯಾಕ್ಟರನ್ನು ಮುಂದಕ್ಕೆ ಒತ್ತುತ್ತದೆ, ಮೂತಿ ಮೇಲೇಳಲು ಬಿಡುವುದಿಲ್ಲ. ಆದ್ದರಿಂದ ಟಾಪ್ ಲಿಂಕ್ ಕಳೆದುಹೋಗಿದೆಯೆಂದು ಅದರ ಜಾಗಕ್ಕೆ ಸರಪಳಿ ಬಿಗಿಯುವುದು ಜೀವಕ್ಕೇ ಕುತ್ತು.

ಪಿನ್ನಿನ ಲೆಕ್ಕ

ಕಾರ್ಖಾನೆಯ ರಂಟಿಯಾದರೆ ಬೀಡಿನ ಮೇಲೆ ಉಬ್ಬಿದ ಅಕ್ಷರ ಇರುತ್ತದೆ. ತಂತಿ ಬ್ರಷ್‌ನಿಂದ ಉಜ್ಜಿ, ಸುಣ್ಣದ ಕಡ್ಡಿ ಸವರಿದರೆ ಓದಲು ಬರುತ್ತದೆ. ನಮ್ಮಲ್ಲಿ ಮಾತ್ರ ಊರ ಕಮ್ಮಾರರು, ವರ್ಕ್‌ಶಾಪಿನವರು ನಮ್ಮ ಮಣ್ಣಿಗೆ ತಕ್ಕಂತೆ ಮಾಡಿಕೊಟ್ಟ ಸಾಮಾನು ಬಹಳ. 2022ರಲ್ಲಿ ಪದ್ಮಶ್ರೀ ಪಡೆದ ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ ಅವರು ಬಿತ್ತುವ, ಆಳವಾಗಿ ಉಳುವ ಸಲಕರಣೆ ರೂಪಿಸಿ ಹೆಸರಾದದ್ದು ಇದೇ ಪರಂಪರೆಯಲ್ಲಿ. ಊರಲ್ಲಿ ಮಾಡಿದ ಹಳೆ ರಂಟಿಯ ಮೇಲೆ ಹೆಸರು ಹುಡುಕಿ ಫಲವಿಲ್ಲ. ವರ್ನಿಯರ್ ಕ್ಯಾಲಿಪರ್ ಹಿಡಿದು ಪಿನ್ ಅಳೆಯಿರಿ.

ಕೆಳಗಿನ ಪಿನ್ 22 ಮಿ.ಮೀ., ಮೇಲಿನದು 19 ಮಿ.ಮೀ. ಇದ್ದರೆ ಅದು ಕೆಟಗರಿ ಒಂದು. 35 ಎಚ್‌ಪಿ ಆಸುಪಾಸಿನ ಹಳೆ ಮೆಸ್ಸಿ, ಬಿ-275ಗಳಿಗೆ ಒಪ್ಪುವುದು ಇದು. ಕೆಳಗೆ 28, ಮೇಲೆ 25 ಮಿ.ಮೀ. ಇದ್ದರೆ ಕೆಟಗರಿ ಎರಡು, ದೊಡ್ಡ ಟ್ರ್ಯಾಕ್ಟರ್‌ನ ಸಾಮಾನು. ಸಣ್ಣ ಪಿನ್ನನ್ನು ದೊಡ್ಡ ತೂತಿಗೆ ಹಾಕಲೇಬೇಕಾದರೆ ಅಳತೆಯ ಬುಶ್ ಸಿಗುತ್ತದೆ, ಅದನ್ನೇ ಹಾಕಿ. ಬಟ್ಟೆ, ತಂತಿ ಸುತ್ತುವುದು, ಪಿನ್ನಿನ ಬದಲು ಮನೆ ಕಟ್ಟುವ ಸರಳು ತುರುಕುವುದು ಬೇಡ. ಪಿನ್ ಸವೆದು ತಗ್ಗು ಬಿದ್ದಿದ್ದರೆ, ತೂತು ಮೊಟ್ಟೆಯಾಕಾರಕ್ಕೆ ಬಂದಿದ್ದರೆ ಹೊಸದು ಹಾಕಿಸಿ. ಬೀಡಿನ ಬಿರುಕಿಗೆ ಸಾಮಾನ್ಯ ವೆಲ್ಡಿಂಗ್ ನಿಲ್ಲುವುದಿಲ್ಲ.

ಜೋಡಿಸುವ ಕ್ರಮ

ರಂಟಿ ಗಟ್ಟಿ, ಸಮ ನೆಲದ ಮೇಲಿರಲಿ. ಎರಡು ಬ್ರೇಕ್ ಪೆಡಲ್‌ಗಳನ್ನೂ ಕೊಂಡಿ ಹಾಕಿ ಒಂದುಗೂಡಿಸಿ, ಸಣ್ಣ ಗೇರಿನಲ್ಲಿ ನಿಧಾನ ಹಿಂದಕ್ಕೆ ಬನ್ನಿ. ಟ್ರ್ಯಾಕ್ಟರ್ ಚಲಿಸುವಾಗ ಅದರ ಮತ್ತು ರಂಟಿಯ ನಡುವೆ ಯಾರೂ ನಿಲ್ಲಕೂಡದು. ‘ಇನ್ನಷ್ಟು ಬಾ, ಇನ್ನಷ್ಟು ಬಾ’ ಎನ್ನುವ ತಮ್ಮನನ್ನು ಬದಿಗೆ, ನಿಮ್ಮ ಕಣ್ಣಿಗೆ ಕಾಣುವಲ್ಲಿ ನಿಲ್ಲಿಸಿ. ಎಂಜಿನ್ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಹಾಕಿ ಇಳಿಯಿರಿ.

ಮೊದಲು ಎಡಗಡೆಯ ಕೆಳ ಲಿಂಕ್, ಆಮೇಲೆ ಬಲಗಡೆಯದು, ಕೊನೆಗೆ ಟಾಪ್ ಲಿಂಕ್. ಬಲಗಡೆಯದನ್ನು ಹ್ಯಾಂಡಲ್ ತಿರುಗಿಸಿ ಎತ್ತರ ತಗ್ಗು ಮಾಡಬಹುದು, ಅದಕ್ಕೇ ಅದು ಎರಡನೆಯದು. ಮೂರಕ್ಕೂ ಲಿಂಚ್ ಪಿನ್ ಬೀಳಲಿ. ಮೊಳೆ ಬಾಗಿಸಿ ಸಿಕ್ಕಿಸಬೇಡಿ. ಲಿಂಕ್‌ಗಳ ಅಡ್ಡಾಟ ತಡೆಯುವ ಚೈನ್ ತೀರ ಬಿಗಿಯಾಗದಿರಲಿ. ಬಿಚ್ಚುವಾಗ ಈ ಕ್ರಮ ತಿರುವು ಮುರುವು: ಟಾಪ್ ಲಿಂಕ್ ಮೊದಲು.

ಹೈಡ್ರಾಲಿಕ್ ಎತ್ತಿ ನೋಡಿ. ಮುಂದಿನ ಗಾಲಿ ಹಗುರಾಗಿ ಸ್ಟೀರಿಂಗ್ ತೇಲಿದರೆ ಮುಂದೆ ತೂಕ ಬೇಕು. ಒಟ್ಟು ಭಾರದ ಐದನೇ ಒಂದು ಪಾಲಾದರೂ ಮುಂದಿನ ಅಚ್ಚಿನ ಮೇಲೆ ಇರಬೇಕು. ಹಳೆ ಸೀಲು ಸೋರಿ ರಂಟಿ ತಾನಾಗಿ ಇಳಿಯುವುದು ಸಾಮಾನ್ಯ. ಎತ್ತಿದ ರಂಟಿಯ ಕೆಳಗೆ ಕೈ ಹಾಕಬೇಕಾದರೆ ಮರದ ದಿಮ್ಮಿ ಕೊಟ್ಟ ಮೇಲೇ ಹಾಕಿ.

ಗಾಲಿಯ ರಂಟಿಗೆ ಇದ್ಯಾವುದೂ ಇಲ್ಲ, ಆದರೆ ಒಂದು ಕಟ್ಟುನಿಟ್ಟು: ಹಿಂದಿನ ಅಚ್ಚಿಗಿಂತ ಕೆಳಗಿರುವ ಡ್ರಾಬಾರ್‌ಗೆ ಮಾತ್ರ ಕೊಂಡಿ ಹಾಕಬೇಕು. ಅಚ್ಚಿಗೋ ಟಾಪ್ ಲಿಂಕಿನ ಜಾಗಕ್ಕೋ ಕಟ್ಟಿ ಎಳೆದರೆ, ರಂಟಿ ಸಿಕ್ಕಿಕೊಂಡ ಕ್ಷಣ ಮೂತಿ ಮೇಲೆದ್ದು ಟ್ರ್ಯಾಕ್ಟರ್ ಚಾಲಕನ ಮೇಲೇ ಮಗುಚುತ್ತದೆ. ಹಳೆಯವಕ್ಕೆ ತಲೆ ಕಾಯುವ ಕಬ್ಬಿಣದ ಚೌಕಟ್ಟೂ ಇರುವುದಿಲ್ಲ.

ಹೊಲಕ್ಕಿಳಿಸುವ ಮುನ್ನ

ಉಳುವಾಗ ಬಲಗಡೆಯ ಗಾಲಿಗಳು ಸಾಲಿನಲ್ಲಿ ಇಳಿದಿರುತ್ತವೆ. ಇದನ್ನು ಅಂಗಳದಲ್ಲೇ ಹೊಂದಿಸಬಹುದು. ಆರು ಇಂಚು ಆಳ ಬೇಕೆಂದರೆ ಎಡಗಡೆಯ ಎರಡೂ ಗಾಲಿಗಳ ಕೆಳಗೆ ಐದು ಇಂಚಿನ ಹಲಗೆ ಕೊಡಿ. ಹೊಲದಲ್ಲಿ ಗಾಲಿ ಹೂಳುವುದಕ್ಕೆ ಒಂದು ಇಂಚು ಬಿಟ್ಟಂತಾಯಿತು. ರಂಟಿಯನ್ನು ನೆಲಕ್ಕೆ ಇಳಿಸಿ, ಬಲಗಡೆಯ ಹ್ಯಾಂಡಲ್ ತಿರುಗಿಸಿ ಅಡ್ಡಕ್ಕೂ, ಟಾಪ್ ಲಿಂಕ್ ತಿರುಗಿಸಿ ಉದ್ದಕ್ಕೂ ಸಮ ಮಾಡಿ. ಟಾಪ್ ಲಿಂಕ್ ಗಿಡ್ಡವಾದಷ್ಟೂ ಕುಳದ ಮೂತಿ ನೆಲಕ್ಕೆ ಬಾಗುತ್ತದೆ.

ಎರೆ ಮಣ್ಣಿನ ಕಾಟ ಬೇರೆಯೇ. ತುಕ್ಕು ಹಿಡಿದ ರೆಕ್ಕೆಗೆ ಅದು ಮೆತ್ತಿಕೊಂಡು ಹೊರಳುವುದೇ ಇಲ್ಲ, ಎಂಜಿನ್ ಸುಮ್ಮನೆ ದಣಿಯುತ್ತದೆ. ಡೀಸೆಲ್ ಸವರಿ ಇಟ್ಟಿಗೆ ಚೂರಿನಿಂದ ಉಜ್ಜಿ ಹೊಳಪು ಬರಿಸಿ. ಕೆಲಸ ಮುಗಿದ ದಿನವೇ ಗ್ರೀಸ್ ಬಳಿದಿಡಿ. ಮೊದಲ ಸಾಲುಗಳನ್ನು ಮಸಾರಿ ಹೊಲದಲ್ಲಿ ಹೊಡೆದರೆ ಮರಳು ಮಣ್ಣೇ ರೆಕ್ಕೆಯನ್ನು ತಿಕ್ಕಿ ಕೊಡುತ್ತದೆ. ಹಸಿ ಹೆಚ್ಚಿದ್ದರೆ ಕಾಯಿರಿ.

ಇನ್ನು ಬಟ್ಟೆ. ಹಳೆ ಟ್ರ್ಯಾಕ್ಟರ್‌ಗಳ ಹಿಂದೆ ತಿರುಗುವ ಪಿಟಿಒ ಶಾಫ್ಟಿನ ಮುಚ್ಚಳ ಎಂದೋ ಕಳೆದುಹೋಗಿರುತ್ತದೆ. ಧೋತರದ ಚುಂಗು, ಹೆಗಲ ಟವೆಲ್ ಆ ಶಾಫ್ಟಿಗೆ ಸಿಕ್ಕರೆ ಬಿಡಿಸಿಕೊಳ್ಳಲು ಸಮಯವಿರುವುದಿಲ್ಲ. ಮುಚ್ಚಳ ಹಾಕಿಸಿ, ಪಿಟಿಒ ಲಿವರ್ ನ್ಯೂಟ್ರಲ್‌ನಲ್ಲಿದೆಯೇ ನೋಡಿ. ಮಡ್‌ಗಾರ್ಡ್ ಮೇಲೆ ಮಕ್ಕಳನ್ನು ಕೂರಿಸಿಕೊಂಡು ಉಳಬೇಡಿ.