ಪಾಳಿಯ ಊರಿನಲ್ಲಿ ಕವಲು ಕಥೆ

ಹಿಂಗಣಾದಲ್ಲಿ ಯಾರನ್ನಾದರೂ ಊಟಕ್ಕೆ ಕರೆಯಬೇಕೆಂದರೆ ಮೊದಲು ಕೇಳುವುದು, ‘ಈ ವಾರ ಯಾವ ಪಾಳಿ?’ ನಾಗಪುರದ ನೈಋತ್ಯಕ್ಕಿರುವ ಈ ಊರಿನ ಬದುಕೆಲ್ಲ ಎಂಐಡಿಸಿ ಕೈಗಾರಿಕಾ ಪ್ರದೇಶಕ್ಕೆ ಹೊಂದಿಕೊಂಡಿದೆ. ಮಹೀಂದ್ರದ ಟ್ರ್ಯಾಕ್ಟರ್ ಕಾರ್ಖಾನೆ ಇರುವುದು ಇಲ್ಲೇ. ಸುತ್ತ ಬಿಡಿಭಾಗ ತಯಾರಿಸುವ ಸಣ್ಣಪುಟ್ಟ ಘಟಕಗಳು ಬೇಕಾದಷ್ಟಿವೆ. ಅಂಥದ್ದೊಂದು ಘಟಕದಲ್ಲಿ ನನ್ನ ಗಂಡನಿಗೆ ಕೆಲಸ ಸಿಕ್ಕಿದ್ದರಿಂದ ನಾವು ಧಾರವಾಡ ಬಿಟ್ಟು ಇಲ್ಲಿಗೆ ಬಂದೆವು. ಅವರ ಪಾಳಿ ವಾರಕ್ಕೊಮ್ಮೆ ಬದಲಾಗುತ್ತದೆ: ಒಂದು ವಾರ ಬೆಳಗ್ಗೆ, ಒಂದು ವಾರ ಮಧ್ಯಾಹ್ನ, ಒಂದು ವಾರ ರಾತ್ರಿ. ನಾನು ಮನೆಯಲ್ಲಿದ್ದುಕೊಂಡು ಗೇಮ್‌ಗಳಿಗೆ ಕಥೆ, ಸಂಭಾಷಣೆ ಬರೆಯುತ್ತೇನೆ. ನೌಕರಿಯಲ್ಲ, ಫ್ರೀಲಾನ್ಸ್.

ಬರೆಯುವವರಿಗೆ ಎಲ್ಲರೂ ಹೇಳುವ ಬುದ್ಧಿಮಾತು ಒಂದೇ: ದಿನಾ ಒಂದೇ ಹೊತ್ತಿಗೆ ಕೂರಬೇಕು. ಪಾಳಿಯ ಮನೆಯಲ್ಲಿ ಅದು ನಡೆಯುವ ಮಾತಲ್ಲ. ಹೊತ್ತು ನಮ್ಮ ಕೈಲಿಲ್ಲದಿದ್ದರೆ ಕೆಲಸವನ್ನೇ ಒಡೆದು, ಯಾವ ಹೊತ್ತಿಗೆ ಯಾವ ತುಂಡು ಒಗ್ಗುತ್ತದೆ ಎಂದು ನೋಡಬೇಕು. ಇದನ್ನು ಕಲಿಯಲು ನನಗೆ ವರ್ಷಗಳೇ ಹಿಡಿದವು.

ಒಡೆಯುವುದು ಹೇಗೆಂದು ತಿಳಿಯಬೇಕಾದರೆ ಗೇಮ್ ಬರವಣಿಗೆಯ ಒಳಗನ್ನು ಸ್ವಲ್ಪ ನೋಡಬೇಕು. ಹೊಳೆ ದಾಟಬೇಕಾದ ಹುಡುಗಿಯೊಬ್ಬಳು ಅಂಬಿಗನ ಮುಂದೆ ನಿಂತಿದ್ದಾಳೆ ಎನ್ನಿ. ಬೇಡಿಕೊಳ್ಳಬೇಕೇ, ದುಡ್ಡು ಕೊಡಬೇಕೇ, ಹೆದರಿಸಬೇಕೇ ಎಂಬುದನ್ನು ಆಡುವವರು ಆರಿಸುತ್ತಾರೆ. ಪ್ರತಿ ತಿರುವಿನಲ್ಲೂ ಮೂರು ದಾರಿ ಇಟ್ಟರೆ ಮೂರನೇ ತಿರುವು ಮುಗಿಯುವಷ್ಟರಲ್ಲಿ 27 ದಾರಿಗಳಾಗುತ್ತವೆ. ಅಷ್ಟನ್ನೂ ಕೊನೆತನಕ ಬೇರೆಬೇರೆಯಾಗಿ ಬೆಳೆಸಲು ಯಾರಿಂದಲೂ ಆಗದು. ಅದಕ್ಕೇ ಕವಲುಗಳನ್ನು ಮುಂದೆ ಒಂದು ಕಡೆ ಮತ್ತೆ ಕೂಡಿಸುತ್ತೇವೆ. ಕೂಡಿಸಿದರೂ, ಹೆದರಿಸಿದವಳನ್ನು ಮತ್ತು ಬೇಡಿಕೊಂಡವಳನ್ನು ಅಂಬಿಗ ಆಚೆ ದಡದಲ್ಲಿ ಒಂದೇ ಥರ ಮಾತಾಡಿಸುವಂತಿಲ್ಲ. ಕ್ರಿಸ್ ಕ್ಲಿಮಸ್ 2009ರಲ್ಲಿ ಹೊರತಂದ ಟ್ವೈನ್, ಕೇಂಬ್ರಿಜ್‌ನ ಇಂಕಲ್ ಸ್ಟುಡಿಯೊ 2016ರಲ್ಲಿ ಎಲ್ಲರಿಗೂ ಮುಕ್ತವಾಗಿಸಿದ ಇಂಕ್ ಮುಂತಾದ ಉಪಕರಣಗಳು ಈ ದಾರಿಗಳ ಲೆಕ್ಕ ಇಡುತ್ತವೆ. ಆದರೆ ಯಾರಿಗೆ ಏನು ಗೊತ್ತು, ಯಾರು ಯಾರ ಮೇಲೆ ಮುನಿಸಿಕೊಂಡಿದ್ದಾರೆ ಎಂಬುದನ್ನೆಲ್ಲ ಬರೆಯುವವರೇ ತಲೆಯಲ್ಲಿ ಇಟ್ಟುಕೊಳ್ಳಬೇಕು.

ದಾರಿಗಳನ್ನು ಹೆಣೆಯುವ ಈ ನಕ್ಷೆಯ ಕೆಲಸಕ್ಕೆ ತಡೆಯಿಲ್ಲದ ಹೊತ್ತು ಬೇಕೇ ಬೇಕು. ಕುಕ್ಕರ್ ಕೂಗಿ ಎದ್ದುಹೋದರೆ ತಲೆಯಲ್ಲಿ ಹಿಡಿದಿದ್ದ ದಾರಿಗಳೆಲ್ಲ ಕಲಸಿಹೋಗುತ್ತವೆ. ಅದೇ ಗೇಮ್‌ನಲ್ಲಿ ತಡೆಗೆ ಅಂಜದ ಬರವಣಿಗೆಯೂ ಧಾರಾಳ ಇರುತ್ತದೆ. ಕತ್ತಿ, ಬುತ್ತಿ, ಔಷಧದ ಸೀಸೆಗಳಿಗೆ ಒಂದೊಂದು ಸಾಲಿನ ವಿವರಣೆ ಬೇಕು. ನಮ್ಮವರು ‘ಬಾರ್ಕ್’ ಎನ್ನುವ ತುಂಡು ಮಾತುಗಳು ಬೇಕು. ಕತ್ತಲಲ್ಲಿ ಸದ್ದು ಕೇಳಿದ ಕಾವಲುಗಾರ ‘ಯಾರದು ಅಲ್ಲಿ?’ ಎನ್ನಬೇಕು. ಇನ್ನೊಮ್ಮೆ ‘ಬೆಕ್ಕಿರಬೇಕು ಬಿಡು’ ಎನ್ನಬೇಕು, ಮತ್ತೊಮ್ಮೆ ‘ಈ ಗೋಡೆ ಹತ್ತಿರ ದಿನಾ ಇದೇ ಗೋಳು’ ಎಂದು ಗೊಣಗಬೇಕು. ಒಂದೇ ಸನ್ನಿವೇಶಕ್ಕೆ ಇಂಥ ಹತ್ತಾರು ಸಾಲು ಬೇಕಾಗುತ್ತವೆ, ಇಲ್ಲದಿದ್ದರೆ ಆಡುವವರಿಗೆ ಬೇಸರ ಬರುತ್ತದೆ. ಇವನ್ನು ಮಗಳಿಗೆ ಜಡೆ ಹಾಕುತ್ತಲೂ ಯೋಚಿಸಬಹುದು, ದೋಸೆ ಮಗುಚುವ ನಡುವೆಯೂ ಬರೆದಿಡಬಹುದು.

ಹಾಗಾಗಿ ಗಂಡನದು ಬೆಳಗಿನ ಪಾಳಿಯಾದರೆ, ಅವರು ಹೊರಟು ಮಗಳು ಶಾಲೆಗೆ ಹೋದ ಮೇಲೆ ಮನೆ ನನ್ನದು. ಆ ವಾರವೆಲ್ಲ ನಕ್ಷೆಯ ಕೆಲಸ. ಮಧ್ಯಾಹ್ನದ ಪಾಳಿಯ ವಾರ ಅವರು ಬೆಳಗ್ಗೆ ಮನೆಯಲ್ಲಿರುತ್ತಾರೆ. ಮಾತು, ಚಹಾ, ಸಂತೆ ಎಂದು ಹೊತ್ತು ಹರಿದು ಹಂಚಿಹೋಗುತ್ತದೆ. ಹರಿದ ಹೊತ್ತಿಗೆ ಬಾರ್ಕ್‌ಗಳಿವೆ. ಹೀಗೆ ಹಂಚಿಕೊಂಡ ಮೇಲೆ, ಗಂಡ ಮನೆಯಲ್ಲಿದ್ದಾರೆಂದು ಒಳಗೊಳಗೇ ಸಿಡುಕುವುದು ನಿಂತಿತು. ಇದು ನನಗೆ ಪದಗಳ ಲೆಕ್ಕಕ್ಕಿಂತ ದೊಡ್ಡ ಲಾಭ.

ಎದ್ದುಹೋಗಲೇಬೇಕಾದಾಗ ಒಂದು ಚೀಟಿ ಬರೆದಿಡುತ್ತೇನೆ. ಮುಂದಿನ ವಾಕ್ಯ ಏನು ಎಂದಲ್ಲ, ಕಥೆ ಯಾವ ಸ್ಥಿತಿಯಲ್ಲಿ ನಿಂತಿದೆ ಎಂದು. ‘ಹುಡುಗಿಗೆ ಪತ್ರ ಸಿಕ್ಕಿದೆ. ಅಂಬಿಗ ಇನ್ನೂ ನಂಬಿಲ್ಲ. ಸೇತುವೆ ಮುರಿದ ಸುದ್ದಿ ಯಾರಿಗೂ ಗೊತ್ತಿಲ್ಲ.’ ಇಷ್ಟು ಸಾಕು. ಕಾಗದದ ಮೇಲೇ ಬರೆಯುತ್ತೇನೆ. ಕರೆಂಟು ಹೋದರೂ ಚೀಟಿ ಕಣ್ಣೆದುರೇ ಇರುತ್ತದೆ.

ಬೇಸಿಗೆಯದೇ ಬೇರೆ ಕಥೆ. ಮೇ ತಿಂಗಳಲ್ಲಿ ನಾಗಪುರದ ಬಿಸಿಲು 45 ಡಿಗ್ರಿ ದಾಟುವುದು ಇಲ್ಲಿನವರಿಗೆ ಹೊಸತಲ್ಲ. ತಿಂಗಳ ಕೊನೆಗೆ ನೌತಪಾ ಎಂಬ ಒಂಬತ್ತು ದಿನಗಳ ಉರಿ ಬೇರೆ. ಮನೆಮನೆಯ ಕಿಟಕಿಗೂ ತಗಡಿನ ದೊಡ್ಡ ಕೂಲರ್ ಬರುತ್ತದೆ. ಅದರ ತೊಟ್ಟಿಗೆ ಕೊಡಗಟ್ಟಲೆ ನೀರು ತುಂಬಬೇಕು, ಮೆತ್ತೆ ನೆನೆಯಬೇಕು. ಲಾವಂಚದ ಮೆತ್ತೆಯಾದರೆ ಕೋಣೆಯೆಲ್ಲ ಘಮ್ಮೆನ್ನುತ್ತದೆ. ಆದರೆ ಕೂಲರಿನ ಸದ್ದಿನಲ್ಲಿ ನಮ್ಮ ಮಾತು ನಮಗೇ ಕೇಳಿಸದು. ಗೇಮ್‌ನ ಸಂಭಾಷಣೆಯನ್ನು ಕಲಾವಿದರು ಬಾಯಿಬಿಟ್ಟು ಹೇಳುವವರು. ನಾನು ಗಟ್ಟಿಯಾಗಿ ಓದಿ ನೋಡದ ಸಾಲು ಅವರ ನಾಲಿಗೆಗೆ ತೊಡರುತ್ತದೆ. ಆದ್ದರಿಂದ ಏಪ್ರಿಲ್‌ನಿಂದ ಜೂನ್‌ವರೆಗೆ ಓದಿ ತಿದ್ದುವ ಕೆಲಸ ಬೆಳಗಿನ ಜಾವಕ್ಕೆ, ಕೂಲರ್ ಆರಿಸಿದ ಆ ಸ್ವಲ್ಪ ತಂಪಿಗೆ. ನನಗೆ ಕೆಲಸ ಕೊಡುವ ಲಂಡನ್ನಿನ ಸ್ಟುಡಿಯೊದವರ ಜತೆಗಿನ ಕರೆಗಳೂ ಅದೇ ಕಾರಣಕ್ಕೆ ಕಷ್ಟ. ಬ್ರಿಟನ್ ಬೇಸಿಗೆಯಲ್ಲಿ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ. ಅವರ ಬೆಳಗಿನ ಹತ್ತು ಗಂಟೆಗೆ ನಮ್ಮಲ್ಲಿ ಮಧ್ಯಾಹ್ನ ಎರಡೂವರೆ, ಉರಿಬಿಸಿಲು. ಅಕ್ಟೋಬರ್ ಕೊನೆಯ ಭಾನುವಾರ ಅವರು ಗಡಿಯಾರ ತಿರುಗಿಸಿದರೆ ಅದೇ ಕರೆ ಮೂರೂವರೆಗೆ ಜಾರುತ್ತದೆ, ಮಗಳು ಶಾಲೆಯಿಂದ ಬಂದು ಬಾಗಿಲು ಬಡಿಯುವ ಹೊತ್ತಿಗೆ. ಈಗ ಕರೆಯ ವೇಳೆಯನ್ನು ಬೇಸಿಗೆಗೊಂದು, ಚಳಿಗಾಲಕ್ಕೊಂದು ಎಂದು ಮೊದಲೇ ಗೊತ್ತುಮಾಡಿಕೊಳ್ಳುತ್ತೇನೆ.

ಹಬ್ಬಗಳನ್ನೂ ಹಾಗೆಯೇ. ಧಾರವಾಡದ ಕಡೆ ಮಣ್ಣೆತ್ತಿನ ಅಮಾವಾಸ್ಯೆಗೆ ಮಣ್ಣಿನ ಎತ್ತು ಮಾಡಿ ಪೂಜಿಸಿ ಬೆಳೆದವಳು ನಾನು. ಇಲ್ಲಿ ಶ್ರಾವಣದ ಅಮಾವಾಸ್ಯೆಗೆ ಪೋಳಾ, ಮರುದಿನ ಮಕ್ಕಳ ತಾನ್ಹಾ ಪೋಳಾ. ಮಕ್ಕಳು ಗಾಲಿ ಹಚ್ಚಿದ ಮರದ ಎತ್ತಿಗೆ ಹಾರ, ಗೆಜ್ಜೆ ಕಟ್ಟಿ ಮನೆಮನೆಗೆ ಎಳೆದುಕೊಂಡು ಹೋಗುತ್ತಾರೆ. ಅದೇ ದಿನ ನಾಗಪುರದ ಪೇಟೆಯಲ್ಲಿ ಮಾರ್ಬತ್ ಎಂಬ ಕಪ್ಪು, ಹಳದಿ ಪ್ರತಿಕೃತಿಗಳ ಮೆರವಣಿಗೆ. ಲಂಡನ್ನಿನವರ ಕ್ಯಾಲೆಂಡರಿನಲ್ಲಿ ಇದು ಯಾವುದೂ ಇರುವುದಿಲ್ಲ, ಇರಬೇಕೆಂದು ನಿರೀಕ್ಷಿಸುವುದೂ ಸರಿಯಲ್ಲ. ಕರಾರು ಬರೆಯುವಾಗಲೇ ನನ್ನ ರಜೆಗಳ ಪಟ್ಟಿ ಕೊಟ್ಟುಬಿಡುತ್ತೇನೆ. ಇದುವರೆಗೆ ಯಾರೂ ತಕರಾರು ಮಾಡಿಲ್ಲ. ನಡುವೆ ಕೇಳಿದ ರಜೆಗೆ ಮುಖ ಸಿಂಡರಿಸುವವರೂ ಮೊದಲೇ ತಿಳಿಸಿದ ರಜೆಯನ್ನು ಯೋಜನೆಯೊಳಗೆ ಸೇರಿಸಿಕೊಳ್ಳುತ್ತಾರೆ.

ದುಡ್ಡಿನ ಮಾತು. ನಮ್ಮಲ್ಲಿ ಪದಕ್ಕಿಷ್ಟು ಎಂದು ಕೊಡುವ ರೂಢಿ ಇನ್ನೂ ಇದೆ. ಕಥೆ, ಲೇಖನಕ್ಕೆ ಅದು ಸರಿ. ಕವಲು ಕಥೆಯಲ್ಲಿ ಅರ್ಧ ದುಡಿಮೆ ಪದವಾಗುವುದೇ ಇಲ್ಲ. ಎರಡು ದಾರಿಗಳನ್ನು ಒಂದು ಸಾಲಿನಲ್ಲಿ ಜಾಣ್ಮೆಯಿಂದ ಕೂಡಿಸಿದವರಿಗೆ, ಸುಮ್ಮನೆ ಇಪ್ಪತ್ತು ಸಾಲು ಬೆಳೆಸಿದವರಿಗಿಂತ ಕಡಿಮೆ ಸಿಗುತ್ತದೆ. ಇದು ಅನ್ಯಾಯ ಎಂದೇ ನನ್ನ ಅಭಿಪ್ರಾಯ. ನಕ್ಷೆಗೆ ಬೇರೆ ಮೊತ್ತ, ಪದಗಳಿಗೆ ಬೇರೆ ಮೊತ್ತ ಎಂದು ಕೇಳುವುದನ್ನು ರೂಢಿಸಿಕೊಂಡ ಮೇಲೆ ರಾತ್ರಿಯೆಲ್ಲ ಕೂತು ಪದ ತುಂಬಿಸುವ ಒತ್ತಡ ತಗ್ಗಿತು.

ಕೆಲಸದ ಗಾತ್ರವನ್ನೂ ಆರಿಸಿಕೊಳ್ಳುತ್ತೇನೆ. ಇಂಕಲ್‌ನವರ 2014ರ ‘80 ಡೇಸ್’ ನನಗೆ ತುಂಬ ಇಷ್ಟದ ಗೇಮ್. ಅದರ ಪಠ್ಯ ಐದು ಲಕ್ಷ ಪದಗಳನ್ನು ಮೀರುತ್ತದೆ, ಅದರಲ್ಲಿ ಬಹುಪಾಲು ಮೆಗ್ ಜಯಂತ್ ಅವರದು. ಓದಿದಾಗೆಲ್ಲ ಕೈಮುಗಿಯಬೇಕೆನಿಸುತ್ತದೆ. ಆದರೆ ಪಾಳಿ, ಶಾಲೆ, ಕೂಲರ್‌ಗಳ ನಡುವಿನ ನನಗೆ ಆ ಅಳತೆ ಸದ್ಯಕ್ಕೆ ಸಲ್ಲದು. ನನಗೆ ಧೈರ್ಯ ಕೊಟ್ಟಿದ್ದು 2023ರ ‘ವೆಂಬಾ’. ಕೆನಡಾಕ್ಕೆ ಹೋದ ತಮಿಳು ತಾಯಿಯ ಅಡುಗೆಮನೆಯ ಕಥೆ, ಒಂದೆರಡು ಗಂಟೆಯಲ್ಲಿ ಮುಗಿಯುತ್ತದೆ. 2024ರಲ್ಲಿ ಅದಕ್ಕೆ ಚೊಚ್ಚಲ ಗೇಮ್‌ಗೆ ಮೀಸಲಾದ ಬಾಫ್ಟಾ ಪ್ರಶಸ್ತಿ ಬಂತು. ಚಿಕ್ಕ ಗೇಮ್ ಎಂದರೆ ಚಿಕ್ಕ ಕೆಲಸ ಅಲ್ಲ ಎಂದು ಮನೆಯವರಿಗೂ ಆಗ ತೋರಿಸಿಕೊಟ್ಟೆ.

ಉಳಿದದ್ದು ರಾತ್ರಿ ಪಾಳಿಯ ವಾರ. ಗಂಡ ಬೆಳಗ್ಗೆ ಬಂದು ಮಲಗಬೇಕು. ತಂಪಾಗಿರುವುದು ಒಂದೇ ಕೋಣೆ, ನನ್ನ ಮೇಜೂ ಅಲ್ಲೇ. ಬಹಳ ದಿನ ಇದಕ್ಕೆ ದಾರಿ ಕಾಣಲಿಲ್ಲ. ಈಗ ಆ ವಾರ ಹತ್ತಿರದ ‘ಅಭ್ಯಾಸಿಕಾ’ಕ್ಕೆ ಹೋಗುತ್ತೇನೆ. ಎಂಪಿಎಸ್‌ಸಿಗೆ, ಪೊಲೀಸ್ ಭರ್ತಿಗೆ ಓದುವ ಹುಡುಗ ಹುಡುಗಿಯರು ತಿಂಗಳ ಬಾಡಿಗೆಗೆ ಒಂದೊಂದು ಕುರ್ಚಿ ಹಿಡಿಯುವ ಓದುಕೋಣೆ ಅದು. ಒಬ್ಬೊಬ್ಬರಿಗೂ ಅಡ್ಡಹಲಗೆಯ ಮರೆ, ಒಂದು ದೀಪ, ಚಾರ್ಜರ್‌ಗೆ ಒಂದು ಪ್ಲಗ್. ಮಾತಿಗೆ ಅವಕಾಶವಿಲ್ಲ, ಹಾಗಾಗಿ ಗಟ್ಟಿಯಾಗಿ ಓದುವ ಕೆಲಸ ಅಲ್ಲಿ ಆಗದು. ನಕ್ಷೆಯ ಕೆಲಸ ಮಾತ್ರ ಮನೆಗಿಂತ ಚೆನ್ನಾಗಿ ಸಾಗುತ್ತದೆ. ಪಕ್ಕದ ಕುರ್ಚಿಯ ಹುಡುಗಿ ಒಮ್ಮೆ ನನ್ನ ಬಾಣ, ಚೌಕಗಳನ್ನು ನೋಡಿ ಯಾವ ಪರೀಕ್ಷೆಗೆಂದು ಹೊರಗೆ ಬಂದ ಮೇಲೆ ಕೇಳಿದಳು. ವಿವರಿಸಿದೆ. ಮರುದಿನ ಅಂಬಿಗನ ಭಾಗವನ್ನು ಅವಳ ಮೊಬೈಲಿನಲ್ಲಿ ಆಡಿದಳು. ಹೆದರಿಸುವ ದಾರಿ ಹಿಡಿದವರಿಗೆ ಪತ್ರ ಸಿಗುವುದೇ ಇಲ್ಲವಲ್ಲ ಎಂದಳು. ಅದನ್ನು ಅವತ್ತೇ ಸರಿಮಾಡಿದೆ. ಕುರ್ಚಿಯ ಬಾಡಿಗೆ ಈಗ ನನ್ನ ದರಪಟ್ಟಿಯಲ್ಲಿ ಸೇರಿದೆ.