ಕೌನ್ಸೆಲರ್ ಬಳಿ ಹೋದರೆ ದಾಖಲೆಯಲ್ಲಿ ಉಳಿಯುತ್ತದೆಯೇ?

ಪ್ರಶ್ನೆ: ಮಗಳು ಎಂ.ಎಸ್ಸಿ. ಮೊದಲ ವರ್ಷ, ವಿಶ್ವವಿದ್ಯಾಲಯದ ಹಾಸ್ಟೆಲ್‌ನಲ್ಲಿದ್ದಾಳೆ. ಎರಡು ತಿಂಗಳಿಂದ ನಿದ್ದೆಯಿಲ್ಲ, ಊಟ ಸೇರುತ್ತಿಲ್ಲ ಅನ್ನುತ್ತಾಳೆ. ಅಲ್ಲಿ ಕೌನ್ಸೆಲರ್ ಇದ್ದಾರಂತೆ. ಹೋದರೆ ಅದು ದಾಖಲೆಯಲ್ಲಿ ಉಳಿದು ಮುಂದೆ ನೌಕರಿಗೆ, ಮದುವೆಗೆ ಅಡ್ಡಿಯಾಗುತ್ತದೆಯೇ?
– ಹೆಸರು ಬೇಡ, ಹಾವೇರಿ ಜಿಲ್ಲೆ

ಉತ್ತರ: ಖಂಡಿತ ಹೋಗಲಿ, ತಡೆಯಬೇಡಿ. ಅಂಕಪಟ್ಟಿಯಲ್ಲಾಗಲಿ ಟಿ.ಸಿ.ಯಲ್ಲಾಗಲಿ ಇಂಥ ಭೇಟಿಯನ್ನು ಬರೆಯುವ ಕಾಲಂ ಇಲ್ಲ. 2017ರ ಮಾನಸಿಕ ಆರೋಗ್ಯ ರಕ್ಷಣೆ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ, ಚಿಕಿತ್ಸೆ ಪಡೆಯುವವರ ವಿಷಯವನ್ನು ಚಿಕಿತ್ಸೆ ಕೊಡುವವರು ಗುಟ್ಟಾಗಿಡಬೇಕು. ಜೀವಕ್ಕೆ ಅಪಾಯ, ಇನ್ನೊಬ್ಬರಿಗೆ ಹಾನಿಯಾಗುವ ಸಂಭವ, ಕೋರ್ಟಿನ ಆದೇಶ ಇಂಥ ಕೆಲವೇ ಸಂದರ್ಭಗಳಲ್ಲಿ ಅದಕ್ಕೆ ವಿನಾಯಿತಿ.

ಆದರೆ ಒಂದು ವಿಷಯದಲ್ಲಿ ಎಚ್ಚರ ಬೇಕು. ಎಷ್ಟೋ ಕಡೆ ವಿಭಾಗದ ಮೇಷ್ಟ್ರನ್ನೇ 'ಮೆಂಟರ್' ಎಂದು ನೇಮಿಸಿರುತ್ತಾರೆ. ಅವರು ಒಳ್ಳೆಯವರೇ ಇರಬಹುದು. ಆದರೂ ಇಂಟರ್ನಲ್ ಅಂಕ ಹಾಕುವವರ ಮುಂದೆ ಯಾವ ಹುಡುಗಿ ಮನಸ್ಸು ಬಿಚ್ಚಿ ಮಾತಾಡುತ್ತಾಳೆ? ತರಬೇತಿ ಪಡೆದ ಕೌನ್ಸೆಲರ್ ಬೇರೆ ಇದ್ದಾರೆಯೇ ಎಂದು ಅವಳು ವಿಚಾರಿಸಲಿ. ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆ ಅರ್ಹ ಕೌನ್ಸೆಲರ್, ಮನಶ್ಶಾಸ್ತ್ರಜ್ಞ ಅಥವಾ ಸಮಾಜ ಕಾರ್ಯಕರ್ತರಲ್ಲಿ ಒಬ್ಬರನ್ನಾದರೂ ಇಟ್ಟುಕೊಳ್ಳಲೇಬೇಕೆಂದು 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಾಗಿ ಇದನ್ನು ಕೇಳುವುದಕ್ಕೆ ಸಂಕೋಚ ಬೇಡ. ಮೊದಲ ದಿನವೇ, ಕೂತ ಕೂಡಲೇ ಅವಳು ಕೇಳಲಿ: "ಮೇಡಂ, ನಾನು ಹೇಳಿದ್ದನ್ನು ನೀವು ಯಾರಿಗೆ ಹೇಳುತ್ತೀರಿ? ಬರೆದಿಟ್ಟದ್ದನ್ನು ಯಾರು ನೋಡುತ್ತಾರೆ?" ನೇರ ಉತ್ತರ ಬಂದರೆ ಅಲ್ಲಿಗೆ ಅರ್ಧ ಭಯ ಹೋಯಿತು.

ನಿದ್ದೆಗೆಡಿಸಿರುವುದು ಓದಿನ ಒತ್ತಡವೋ, ಯಾರದಾದರೂ ಕಾಟವೋ, ನಿಮ್ಮ ಪತ್ರದಿಂದ ತಿಳಿಯುವುದಿಲ್ಲ. ಕಾಟವಾದರೆ ದಾರಿ ಬೇರೆ. ಕೌನ್ಸೆಲರ್ ಕೇಳಿಸಿಕೊಳ್ಳುತ್ತಾರೆ, ವಿಚಾರಣೆ ಮಾಡುವುದಿಲ್ಲ. ಲೈಂಗಿಕ ಕಿರುಕುಳವಿದ್ದರೆ ವಿಶ್ವವಿದ್ಯಾಲಯದ ಆಂತರಿಕ ಸಮಿತಿಗೆ ಲಿಖಿತ ದೂರು ಕೊಡಬೇಕು, ಅದೂ ಸಾಮಾನ್ಯವಾಗಿ ಘಟನೆ ನಡೆದ ಮೂರು ತಿಂಗಳೊಳಗೆ. ದೂರು ಕೊಟ್ಟರೆ ಎದುರು ಪಕ್ಷದವರಿಗೆ ಅದರ ಪ್ರತಿ ಹೋಗುತ್ತದೆ, ಇದು ಅವಳಿಗೆ ಮೊದಲೇ ಗೊತ್ತಿರಲಿ. ರ‍್ಯಾಗಿಂಗ್ ಆದರೆ 1800-180-5522, ಹಗಲು ರಾತ್ರಿ ಯಾವಾಗ ಬೇಕಾದರೂ. ಮನಸ್ಸು ಹಗುರ ಮಾಡಿಕೊಳ್ಳಲು ಹೋದ ಮಾತ್ರಕ್ಕೆ ಯಾರ ಮೇಲೂ ದೂರು ಕೊಟ್ಟ ಹಾಗಾಗುವುದಿಲ್ಲ. ಈ ಎರಡನ್ನೂ ಒಂದೇ ಅಂದುಕೊಂಡು ಎಷ್ಟೋ ಮಕ್ಕಳು ಎಲ್ಲಿಗೂ ಹೋಗದೆ ಉಳಿಯುತ್ತಾರೆ. ಅದು ನನಗೆ ತುಂಬ ಬೇಸರದ ಸಂಗತಿ.

ಕ್ಯಾಂಪಸ್‌ನವರ ಬಳಿ ಹೋಗಲು ಮನಸ್ಸು ಬಾರದಿದ್ದರೆ ಟೆಲಿ-ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ. 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು; 24 ಗಂಟೆಯೂ ಉಂಟು, ಕಾಸು ಕೊಡಬೇಕಿಲ್ಲ. 2022ರ ಅಕ್ಟೋಬರ್ 10ರಂದು ಶುರುವಾದ ಈ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರ. ನೇರವಾಗಿ ವೈದ್ಯರನ್ನೇ ಕಾಣಬೇಕೆಂದರೆ ನಿಮ್ಮ ಕಡೆಯವರಿಗೆ ಧಾರವಾಡದ ಡಿಮ್ಹಾನ್ಸ್ ಮಾನಸಿಕ ಆಸ್ಪತ್ರೆ ಹತ್ತಿರ.

ಮದುವೆಯ ಮಾತಿಗೆ ಬರುತ್ತೇನೆ. ನಿದ್ದೆಯಿಲ್ಲದೆ, ಊಟವಿಲ್ಲದೆ ಹುಡುಗಿ ಒಳಗೊಳಗೇ ಸವೆಯುತ್ತಿರುವಾಗ ಮುಂದೆ ಬರಬಹುದಾದ ಸಂಬಂಧದವರ ಚಿಂತೆ ನಿಮಗೆ ಬೇಡ. ಅವಳು ನಿಮ್ಮ ಹತ್ತಿರ ಹೇಳಿಕೊಂಡಿದ್ದಾಳಲ್ಲ, ಎಷ್ಟೋ ಮಕ್ಕಳು ಅಷ್ಟನ್ನೂ ಹೇಳುವುದಿಲ್ಲ. ಫೋನಿನಲ್ಲಿ "ಏನೂ ಆಗಿಲ್ಲ, ಧೈರ್ಯವಾಗಿರು" ಎಂದು ಮಾತು ಮುಗಿಸಬೇಡಿ. ರಾತ್ರಿ ಎಷ್ಟು ಹೊತ್ತಿಗೆ ಎಚ್ಚರವಾಗುತ್ತದೆ, ಎದ್ದು ಏನು ಮಾಡುತ್ತಾಳೆ, ಜೊತೆಗೆ ಯಾರಿದ್ದಾರೆ ಎಂದು ಕೇಳಿ, ಸುಮ್ಮನೆ ಕೇಳಿಸಿಕೊಳ್ಳಿ. ಕೌನ್ಸೆಲರ್‌ಗೆ ನೀವೇ ಫೋನ್ ಮಾಡಿ "ಏನಂದಳು?" ಎಂದು ವಿಚಾರಿಸಲು ಹೋಗಬೇಡಿ. ಅದು ಗೊತ್ತಾದರೆ ಅವಳು ಇಬ್ಬರ ಹತ್ತಿರವೂ ಬಾಯಿ ಬಿಡಲಾರಳು.

ಬದುಕೇ ಬೇಡ ಎಂಬ ಮಾತು ಅವಳ ಬಾಯಿಂದ ಒಮ್ಮೆ ಬಂದರೂ ಸೆಮಿಸ್ಟರ್ ಮುಗಿಯಲಿ ಎಂದು ಕಾಯಬೇಡಿ. ಯಾರಾದರೂ ಅವಳ ಜೊತೆಗಿರುವಂತೆ ವಾರ್ಡನ್‌ಗೆ ಹೇಳಿ, ಅಂದೇ ಬಸ್ಸು ಹತ್ತಿ, ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಪರೀಕ್ಷೆ ಮುಂದಿನ ಬಾರಿ ಬರೆಯಬಹುದು.